ನೋಟಕ್ಕೆ ಕೊಟ್ಟ ನೋಟು

ಊಟ, ನೋಟ, ನೋಟು. ನಡುವಿನದ್ದು ಚೆನ್ನಾಗಿದ್ದಷ್ಟೂ ಮೊದಲನೆಯದು ಸಪ್ಪೆಯಾಗುತ್ತೆ, ಕೊನೆಯದು ಜಾಸ್ತಿ ಖರ್ಚಾಗುತ್ತೆ. ಬೆಂಗಳೂರಿನ ಎತ್ತರದ ಮಹಡಿಗಳ ರೆಸ್ಟೋರೆಂಟುಗಳಿಗೆ ಹೋಗಿ ಬಂದವರಿಗೆ ಈ ಲೆಕ್ಕ ಗೊತ್ತಿರುತ್ತೆ. ಈ ಸಲ ನಾನು ಬರೀತಿರೋದು ಅಂಥದ್ದೇ ಒಂದು ಜಪಾನೀ ರೆಸ್ಟೋರೆಂಟಿನ ಬಗ್ಗೆ. ಹೆಸರು ಹೇಳಲ್ಲ, ಯಾವ ದಿಕ್ಕಿನಲ್ಲಿದೆ ಅಂತಾನೂ ಹೇಳಲ್ಲ. ಹೇಳಿದರೆ ನಾಳೆ ನೀವೂ ಅಲ್ಲೇ ಹೋಗಿ ಫೋಟೋ ಹಾಕ್ತೀರಿ, ನನಗೆ ಗೊತ್ತು.

ಮೊದಲು ನ್ಯಾಯವಾಗಿ ಒಂದು ಮಾತು ಹೇಳಿಬಿಡ್ತೀನಿ. ನೋಟ ಮಾತ್ರ ಅದ್ಭುತ. ನೆಲದಿಂದ ಚಾವಣಿವರೆಗೂ ಗಾಜು. ಸಂಜೆ ಆರಕ್ಕೆ ಹೋದರೆ, ಫ್ಲೈಓವರ್ ಮೇಲೆ ನಿಂತಲ್ಲೇ ನಿಂತ ಕಾರುಗಳ ಕೆಂಪು ದೀಪಗಳೂ ಚೆಂದ ಕಾಣುತ್ತವೆ. ಅರ್ಧ ಗಂಟೆ ಹಿಂದೆ ಅದೇ ಸಾಲಲ್ಲಿ ಕೂತು ಬೈದುಕೊಂಡಿದ್ದು ಮರೆತೇ ಹೋಗುತ್ತೆ. ನಾವು ಮೊದಲ ಸಲ ಹೋದ ದಿನ ಮಳೆ ಬಂತು. ಮೇಲಿಂದ ನೋಡಿದಾಗ ಬೆಂಗಳೂರಿನ ಮಳೆ ಅಂದರೆ ಏನು ಅಂತ ಅರ್ಥ ಆಗುತ್ತೆ ನೋಡಿ. ಒಂದು ಬಡಾವಣೆಯ ಮೇಲೆ ಬೂದು ಪರದೆ ಬಿಟ್ಟ ಹಾಗೆ ಸುರೀತಿದೆ, ಪಕ್ಕದ ಬಡಾವಣೆಯ ನೀರಿನ ಟ್ಯಾಂಕುಗಳ ಮೇಲೆ ಇನ್ನೂ ಬಿಸಿಲು. ಆ ಪರದೆ ನಿಧಾನವಾಗಿ ನಡ್ಕೊಂಡು ಬಂದು ನಮ್ಮ ಗಾಜಿಗೆ ಬಡಿಯಿತು. ನಾನೂ ನಮ್ಮನೆಯವರೂ ಮಾತಾಡೋದೇ ಬಿಟ್ಟು ನೋಡ್ತಾ ಕೂತ್ವಿ. ಮದುವೆಯಾಗಿ ಮೂರು ವರ್ಷ ತುಂಬಿದ ದಿನ ಅದು. ಅದಕ್ಕಿಂತ ಒಳ್ಳೆ ಉಡುಗೊರೆ ಬೇಕಿರಲಿಲ್ಲ.

ಆಮೇಲೆ ಊಟ ಬಂತು.

ಶುರುವಿಗೆ ಎಡಮಾಮೆ. ಕೇಳೋಕೆ ಏನೋ ದೊಡ್ಡದು ಅನಿಸುತ್ತೆ. ಎಳೆ ಸೋಯಾ ಕಾಯಿಯನ್ನ ಸಿಪ್ಪೆ ಸಮೇತ ಉಪ್ಪುನೀರಲ್ಲಿ ಬೇಯಿಸಿದ್ದು, ಅಷ್ಟೇ. ಕಾಯಿಯನ್ನ ಹಲ್ಲಲ್ಲಿ ಎಳೆದು ಕಾಳು ತಿನ್ನೋದು. ಬಸವನಗುಡಿಯ ಪರಿಷೆಯಲ್ಲಿ ಬೇಯಿಸಿದ ಕಡಲೆಕಾಯಿ ತಿಂದವರಿಗೆ, ಚಳಿಗಾಲದಲ್ಲಿ ಸೊಗಡವರೆ ತಿಂದವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಒಳ್ಳೆ ತಿಂಡಿ ಅದು, ಸುಳ್ಳು ಹೇಳಲ್ಲ. ಆದರೆ 600 ರೂಪಾಯಿಗೆ ಬಂದಿದ್ದು ಫ್ರೀಜರಿನಿಂದ ತೆಗೆದು ನೀರು ಸೋರುವ ಹಾಗೇ ಬಟ್ಟಲಿಗೆ ಹಾಕಿದ ಕಾಯಿ. ನಡುವಿನ ಕಾಳು ಇನ್ನೂ ತಣ್ಣಗೆ. ಎಣಿಸಿದೆ, ಮಾರಾಯ್ರೆ. 23 ಕಾಯಿ.

ಟೆಂಪುರಾದ ಕತೆ ಇನ್ನೂ ಬೇಜಾರಿನದು. ಇದು ಜಪಾನಿನ ಬಜ್ಜಿ ಅನ್ನೋರಿದ್ದಾರೆ, ಪೂರ್ತಿ ತಪ್ಪೂ ಅಲ್ಲ. ಹಿಟ್ಟಲ್ಲಿ ಅದ್ದಿ ಕರಿಯೋದನ್ನ ಅಲ್ಲಿಗೆ 16ನೇ ಶತಮಾನದಲ್ಲಿ ತಂದವರು ಪೋರ್ಚುಗೀಸರು ಅಂತ ಹೇಳ್ತಾರೆ. ನಮ್ಮ ಕರಾವಳಿಗೆ ಮೆಣಸಿನಕಾಯಿ ಬಂದಿದ್ದೂ ಅದೇ ಹಡಗಿನವರಿಂದ. ನಮ್ಮ ಬಜ್ಜಿಗೂ ಅದಕ್ಕೂ ಇರೋ ವ್ಯತ್ಯಾಸ ಹಿಟ್ಟಿನದು. ಗೋಧಿ ಹಿಟ್ಟಿಗೆ ಐಸಿನಷ್ಟು ತಣ್ಣನೆ ನೀರು ಹಾಕಿ, ಗಂಟು ಗಂಟು ಉಳಿದರೂ ಪರವಾಗಿಲ್ಲ ಅಂತ ಒಂದೆರಡು ಸುತ್ತು ಕಲೆಸಿ ಬಿಡ್ತಾರೆ. ಜಾಸ್ತಿ ಕಲೆಸಿದರೆ ಹಿಟ್ಟಿಗೆ ಜಿಗುಟು ಬಂದು ಹೊರಗಿನ ಪದರ ದಪ್ಪಗಾಗುತ್ತೆ. ಸರಿಯಾಗಿ ಮಾಡಿದ ಟೆಂಪುರಾ ಗರಿಗರಿ, ಹಗುರ, ಒಳಗಿನ ತರಕಾರಿಯ ಬಣ್ಣ ಕಾಣಬೇಕು. ಎಣ್ಣೆಯಿಂದ ತೆಗೆದ ಕೂಡಲೇ ಬಾಯಿಗೆ ಹೋಗಬೇಕು. ಅದಕ್ಕೇ ಒಳ್ಳೆ ಟೆಂಪುರಾ ಅಂಗಡಿಗಳಲ್ಲಿ ಗಿರಾಕಿಯನ್ನ ಒಲೆಯ ಎದುರಿಗೇ ಕೂರಿಸೋದು. ನಮ್ಮ ಟೇಬಲ್ ಅಡುಗೆಮನೆಯಿಂದ ಅಷ್ಟು ದೂರ, ಕಿಟಕಿ ಪಕ್ಕ. ಗಾಜಿನ ಹತ್ತಿರ ಕೂತವರಿಗೆ ಗರಿಗರಿ ಬಜ್ಜಿ ಸಿಗಲ್ಲ ಅನ್ನೋದು ಅವತ್ತು ಗೊತ್ತಾಯ್ತು. ಏಳು ತುಂಡು, 950 ರೂಪಾಯಿ. ಅದರಲ್ಲಿ ಎರಡು ಗೆಣಸು, ಒಂದು ಬದನೆ. ಮೆತ್ತಗೆ ಬಗ್ಗಿದ ಬದನೆ ಹೋಳನ್ನ ಚಾಪ್‌ಸ್ಟಿಕ್‌ನಲ್ಲಿ ಎತ್ತಿದಾಗ ಹೊರಗಿನ ಕವಚ ಕಳಚಿ ತಟ್ಟೆಗೆ ಬಿತ್ತು.

ಈಗ ಸುಶಿಗೆ ಬರೋಣ. ನಾನು ಕುಂದಾಪುರದ ಕಡೆಯವಳು, ಮೀನಿನ ವಿಷಯದಲ್ಲಿ ಸ್ವಲ್ಪ ಜಂಬ ಇದೆ. ಆದರೆ ಸುಶಿಯಲ್ಲಿ ಮೊದಲು ನೋಡಬೇಕಾದ್ದು ಮೀನನ್ನಲ್ಲ, ಅನ್ನವನ್ನ. ಸುಶಿ ಅಂದರೆ ವಿನೆಗರ್, ಉಪ್ಪು, ಸಕ್ಕರೆ ಬೆರೆಸಿದ ಅನ್ನ. ಮೊದಲಿಗೆ ಅದು ಹಸಿ ಮೀನಿನ ತಿಂಡಿಯೇ ಅಲ್ಲ. ಮೀನು ಕೆಡದ ಹಾಗೆ ಉಪ್ಪು ಹಾಕಿ, ಅನ್ನದೊಳಗೆ ಹುದುಗಿಸಿ ತಿಂಗಳುಗಟ್ಟಲೆ ಇಡ್ತಿದ್ದರು. ಈಗ ನಾವು ನೋಡೋ ಕೈಯಲ್ಲಿ ಅದುಮಿದ ಸುಶಿ ರೂಢಿಗೆ ಬಂದಿದ್ದು 19ನೇ ಶತಮಾನದ ಮೊದಲ ಭಾಗದಲ್ಲಿ, ಇವತ್ತಿನ ಟೋಕಿಯೋ ಆಗಿರೋ ಎಡೊ ಪಟ್ಟಣದಲ್ಲಿ. ಅದೂ ಬೀದಿ ಬದಿಯ ಗಾಡಿಗಳಲ್ಲಿ. ಕೆಲಸಕ್ಕೆ ಹೋಗೋರು ನಿಂತುಕೊಂಡು ಎರಡು ತಿಂದು ಹೋಗ್ತಿದ್ದರು. ನಮ್ಮ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನೋ ಹಾಗೆ ಅಂದುಕೊಳ್ಳಿ. ಆಮೇಲೆ 1958ರಲ್ಲಿ ಒಸಾಕಾದಲ್ಲಿ ಯೋಶಿಯಾಕಿ ಶಿರಾಯಿಶಿ ಅನ್ನೋರು ಬಿಯರ್ ಕಾರ್ಖಾನೆಯ ಬೆಲ್ಟ್ ನೋಡಿ, ಅದೇ ಥರ ತಟ್ಟೆಗಳು ಸುತ್ತೋ ಸುಶಿ ಅಂಗಡಿ ತೆರೆದರು. ಸಾಮಾನ್ಯ ಜನರಿಗೆ ಕಮ್ಮಿ ದುಡ್ಡಿಗೆ ಸಿಗಲಿ ಅಂತ. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಸುಶಿ ಹುಟ್ಟಿನಿಂದಲೇ ಸಾವಿರಾರು ರೂಪಾಯಿಯ ತಿಂಡಿ, ನಮಗೆ ಅದರ ಬೆಲೆ ಗೊತ್ತಾಗಲ್ಲ ಅನ್ನೋ ಧಾಟಿಯಲ್ಲಿ ಮಾತಾಡೋರು ತುಂಬ ಜನ ಇದ್ದಾರೆ.

ಆ ಅನ್ನ ಹೆಚ್ಚುಕಮ್ಮಿ ಮೈಯಷ್ಟೇ ಬೆಚ್ಚಗಿರಬೇಕು. ಫ್ರಿಜ್ಜಿನಲ್ಲಿಟ್ಟರೆ ಅನ್ನದ ಪಿಷ್ಟ ಬಿಗಿದುಕೊಂಡು ಗಟ್ಟಿಯಾಗುತ್ತೆ. ರಾತ್ರಿ ಫ್ರಿಜ್ಜಲ್ಲಿಟ್ಟ ಅನ್ನವನ್ನ ಬೆಳಗ್ಗೆ ಹಾಗೇ ತಿಂದು ನೋಡಿದವರಿಗೆ ವಿವರಣೆ ಬೇಕಿಲ್ಲ. ನಮಗೆ ಬಂದ ತುಂಡುಗಳು ಅದೇ. ಕಾಳು ಕಾಳು ಬಿಡಿ, ನಡುವೆ ತಣ್ಣಗೆ ಗಟ್ಟಿ. ಇಡೀ ರಾಜ್ಯವೇ ಅನ್ನ ಉಣ್ಣೋ ಕಡೆ, ತಂಗಳನ್ನದಿಂದ ಚಿತ್ರಾನ್ನ ಮಾಡೋಕೆ ಬರೋ ಜನಕ್ಕೆ ಬರೀ ತಂಗಳನ್ನವನ್ನ ಎರಡು ತುಂಡಿಗೆ 1,100 ಅಂತ ಮಾರೋದಕ್ಕೆ ಧೈರ್ಯ ಬೇಕು.

ಮೇಲಿದ್ದ ಸಾಲ್ಮನ್ ಪರವಾಗಿರಲಿಲ್ಲ. ಅದು ವಿಮಾನದಲ್ಲಿ ಬರೋ ಸಾಕಿದ ಮೀನು. ಅಂದಹಾಗೆ ಸಾಲ್ಮನ್ ಸುಶಿ ಕೂಡ ಜಪಾನಿನ ಹಳೇ ಸಂಪ್ರದಾಯ ಅಲ್ಲ. ಅವರ ಕಡಲಿನ ಸಾಲ್ಮನ್‌ನಲ್ಲಿ ಹುಳದ ಭಯ ಅಂತ ಹಸಿಯಾಗಿ ತಿಂತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಿದ ಮೀನು ಮಾರೋಕೆ ಹಟ ಹಿಡಿದು ಪ್ರಚಾರ ಮಾಡಿದ ಮೇಲೆ ಅದು ಸುಶಿ ಮೇಲೆ ಹತ್ತಿದ್ದು. ಟ್ಯೂನಾ ಮಾತ್ರ ಸೋತಿತ್ತು. ಹೆಪ್ಪುಗಟ್ಟಿದ ಮೀನನ್ನ ಅವಸರದಲ್ಲಿ ಕರಗಿಸಿದರೆ ನೀರೆಲ್ಲ ಬಿಟ್ಟುಕೊಂಡು ಮಾಂಸ ಪಿಸಪಿಸ ಆಗುತ್ತಲ್ಲ, ಹಾಗೆ. ತುಂಡಿನ ಕೆಳಗೆ ತಿಳಿ ಕೆಂಪು ನೀರು ನಿಂತಿತ್ತು. ಫೋಟೋದಲ್ಲಿ ಅದು ಕಾಣಿಸಲ್ಲ. ಮೇಲೆ ಒಂದು ಹೂವಿನ ಎಸಳು ಇಟ್ಟಿದ್ದರು.

ಮನೆಗೆ ಬಂದು ಅಮ್ಮನಿಗೆ ಫೋನಲ್ಲಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಹಸಿ ಮೀನ್ ತಿಂಬುಕೆ ಅಷ್ಟ್ ದುಡ್ಡಾ ಹೆಣೇ? ಗಂಗೊಳ್ಳಿ ಬಂದರಿಗೆ ಹೋರೆ ಕಾಕಿಗೂ ಪುಕ್ಕಟೆ ಸಿಕ್ಕತ್ತ್."

ವಾಸಾಬಿ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ತಟ್ಟೆಯ ಮೂಲೆಯಲ್ಲಿ ಹಸಿರು ಉಂಡೆ ಇರುತ್ತಲ್ಲ, ಮೂಗಿಗೆ ಹತ್ತೋದು. ಜಗತ್ತಿನ ಬಹುತೇಕ ಕಡೆ ಅದು ವಾಸಾಬಿಯೇ ಅಲ್ಲ, ಹಾರ್ಸ್‌ರ‍್ಯಾಡಿಶ್ ಅನ್ನೋ ಬೇರಿನ ಪುಡಿಗೆ ಸಾಸಿವೆ ಮತ್ತು ಹಸಿರು ಬಣ್ಣ ಸೇರಿಸಿ ಮಾಡಿದ್ದು. ನಿಜವಾದ ವಾಸಾಬಿ ತಣ್ಣನೆ ಹರಿಯೋ ನೀರಲ್ಲಿ ಬೆಳೆಯೋ ಗಿಡದ ಕಾಂಡ. ತುರಿದ ಸ್ವಲ್ಪ ಹೊತ್ತಿಗೆಲ್ಲ ಅದರ ಘಾಟು ಇಳಿದುಹೋಗುತ್ತೆ, ಅದಕ್ಕೇ ಎದುರಿಗೇ ತುರಿದು ಕೊಡ್ತಾರೆ. ಬೆಲೆಯೂ ಜಾಸ್ತಿ. ಹಾಗಾಗಿ ಪುಡಿ ಕಲೆಸಿ ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಮೂಲದಲ್ಲಿ ಎಲ್ಲವೂ ಸಾಸಿವೆಯ ಬಳಗವೇ. ನಮ್ಮ ಕಡೆ ಸಾಸ್ಮಿಗೆ ಸಾಸಿವೆ ಅರೆಯುವಾಗ ಮೂಗಿಗೆ ಏರುತ್ತಲ್ಲ, ಅದೇ ಘಾಟು. ಆದರೆ ಮೆನುವಿನಲ್ಲಿ "ತಾಜಾ ವಾಸಾಬಿ" ಅಂತ ಬರೆದು 300 ರೂಪಾಯಿ ಬೇರೆ ಹಾಕಬಾರದು. ಅಷ್ಟೇ ನನ್ನ ತಕರಾರು.

ಆ ರಾತ್ರಿ ಇಬ್ಬರಿಗೆ 8,836 ರೂಪಾಯಿ ಆಯ್ತು. ಲಿಫ್ಟಲ್ಲಿ ಇಳೀತಾ ನಮ್ಮನೆಯವರು "ಮಳೆ ಚೆನ್ನಾಗಿತ್ತು" ಅಂದರು. ಕೆಳಗೆ ಬಂದು ಮೂಲೆಯ ಗಾಡಿಯಲ್ಲಿ ಎರಡು ಪ್ಲೇಟ್ ಮಸಾಲೆಪುರಿ ತಿಂದು ಮನೆಗೆ ಹೋದ್ವಿ. ಇಲ್ಲಿಗೇ ಮುಗಿದಿದ್ದರೆ ಇದನ್ನ ನಿಮಗೆ ಹೇಳ್ತಾನೂ ಇರಲಿಲ್ಲ. ನಗಾಡಿಕೊಂಡು ಮರೆತುಬಿಡ್ತಿದ್ದೆ.

ನಾಲ್ಕು ತಿಂಗಳಾದ ಮೇಲೆ ಆಫೀಸಲ್ಲಿ ಒಂದು ಪ್ರಾಜೆಕ್ಟ್ ಮುಗೀತು. ಟೀಮ್ ಡಿನ್ನರ್ ಅಂದರು. ಕಂಪನಿ ಈ ವರ್ಷ ಅದಕ್ಕೆಲ್ಲ ದುಡ್ಡು ಕೊಡಲ್ಲ, ನಾವೇ ಹಾಕ್ಕೊಳ್ಳೋಣ ಅಂತ ನಮ್ಮ ಲೀಡ್ ಹೇಳಿ, ಸೀದಾ ಅದೇ ಜಾಗದಲ್ಲಿ ಟೇಬಲ್ ಬುಕ್ ಮಾಡಿಬಿಟ್ಟಿದ್ದರು. "ವ್ಯೂ ನೋಡಿದ್ರೆ ಬಿದ್ದೋಗ್ತೀರಿ" ಅಂತ ಗ್ರೂಪಲ್ಲಿ ಮೆಸೇಜು. ಏಳು ಜನ. ಅದರಲ್ಲಿ ಒಬ್ಬ ಹುಡುಗ ಸೇರಿ ಐದು ತಿಂಗಳಾಗಿತ್ತಷ್ಟೇ. ಅರಸೀಕೆರೆ ಕಡೆಯವನು. ಮನೆಯಲ್ಲಿ ಮೊಟ್ಟೆ ಕೂಡ ಇಲ್ಲ. ಪಿಜಿಯಲ್ಲಿರ್ತಾನೆ, ಓದಿಗೆ ತೆಗೆದ ಸಾಲ ಕಟ್ತಾ ಇದ್ದಾನೆ, ತಂಗಿಯ ಕಾಲೇಜು ಫೀಸೂ ಅವನದೇ. ನನ್ನನ್ನ ಮೊದಲ ವಾರ ಮೇಡಂ ಅಂತಿದ್ದ, ಬೇಡ ಅಂದ ಮೇಲೆ ಅಕ್ಕ ಆದೆ.

ಅವತ್ತು ಬಡಿಸೋಕೆ ಬಂದ ಹುಡುಗನಿಗೆ ಕಿಮೋನೊ ಥರದ ಕೋಟು ಹಾಕಿಸಿದ್ದರು. ಬಾಗಿಲು ತೆರೆದಾಗೆಲ್ಲ ಅವನು ಜಪಾನೀ ಭಾಷೆಯಲ್ಲಿ ಜೋರಾಗಿ ಸ್ವಾಗತ ಕೂಗಬೇಕು. ನಮ್ಮ ಟೇಬಲಿನ ಒಬ್ಬರು ಅವನನ್ನ "ಆರ್ ಯೂ ಫ್ರಂ ಟೋಕಿಯೋ?" ಅಂತ ಕೇಳಿದರು. ಅವನು ನಕ್ಕು ಮಣಿಪುರ ಅಂದ. ಆಮೇಲೆ ನಾವು ಕನ್ನಡದಲ್ಲಿ ಮಾತಾಡೋದು ಕೇಳಿ ನನ್ನ ಹತ್ತಿರ ಮಾತ್ರ ಮೆಲ್ಲಗೆ, "ಆರು ವರ್ಷ ಆಯ್ತು ಅಕ್ಕ ಬೆಂಗ್ಳೂರಿಗೆ ಬಂದು. ದಿನಾ ಯಾರಾದ್ರೂ ಕೇಳ್ತಾರೆ" ಅಂದ. ಮುಖ ನೋಡಿ ಕೆಲಸಕ್ಕೆ ತಗೊಂಡು, ಕೋಟು ಹಾಕಿ ನಿಲ್ಲಿಸೋ ಈ ಪದ್ಧತಿ ಇಂಥ ಜಾಗಗಳಲ್ಲಿ ಎಷ್ಟು ಮಾಮೂಲಾಗಿದೆ ಅಂದರೆ ಯಾರಿಗೂ ಅದು ಕಣ್ಣಿಗೇ ಬೀಳಲ್ಲ. ಅಡುಗೆಮನೆಗೆ ಜಪಾನ್ ಬರದೇ ಇದ್ದರೂ ಬಾಗಿಲಿಗೆ ಬಂದಿರಬೇಕು.

ಅರಸೀಕೆರೆಯ ಹುಡುಗ ಮೆನುವನ್ನ ಬಲಗಡೆಯಿಂದ, ಅಂದರೆ ರೇಟಿನ ಕಡೆಯಿಂದ ಓದ್ತಾ ಇದ್ದ. ಸೌತೆಕಾಯಿ ರೋಲ್, ತರಕಾರಿ ಟೆಂಪುರಾ, ಒಂದು ಲೈಮ್ ಸೋಡಾ ಹೇಳಿದ. ಆಮೇಲೆ ಮಿಸೊ ಸೂಪ್. ಅದರ ಪಕ್ಕ ಹಸಿರು ಚುಕ್ಕೆ ಇತ್ತು. ಆದರೂ ಅವನು ಬಾಯಿಬಿಟ್ಟು ಕೇಳಿದ, "ಇದು ಪ್ಯೂರ್ ವೆಜ್ಜಾ?" ಆರ್ಡರ್ ತಗೋತಿದ್ದ ಮೇಲ್ವಿಚಾರಕರು, "ಯೆಸ್ ಸರ್, ಓನ್ಲಿ ಟೋಫು, ಸ್ಪ್ರಿಂಗ್ ಆನಿಯನ್" ಅಂದರು.

ಸೂಪ್ ಬಂತು. ನನಗೂ ಒಂದು. ಮುಚ್ಚಳ ತೆಗೆದ ಕೂಡಲೇ ನನಗೆ ಗೊತ್ತಾಗಿಹೋಯ್ತು. ಒಣಮೀನು ಕಟ್ಟಿಟ್ಟ ಅಟ್ಟದ ಕೆಳಗೆ ಬೆಳೆದ ಮೂಗು ಇದು. ಹೊಗೆ ಹಾಕಿದ ಮೀನಿನ ವಾಸನೆ ಎಷ್ಟು ತೆಳುವಾಗಿದ್ದರೂ ತಪ್ಪಲ್ಲ. ತಲೆ ಎತ್ತಿ ನೋಡುವಷ್ಟರಲ್ಲಿ ಅವನು ಮುಕ್ಕಾಲು ಬಟ್ಟಲು ಕುಡಿದಾಗಿತ್ತು. "ಚೆನ್ನಾಗಿದೆ ಅಕ್ಕ" ಅಂದ. ಅವತ್ತು ಅವನಿಗೆ ಇಷ್ಟವಾಗಿದ್ದು ಅದೊಂದೇ.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಸಸ್ಯಾಹಾರಿಗಳಾಗಿದ್ದು ಜಪಾನೀ ಊಟ ಮಾಡೋರು ತಿಳ್ಕೊಂಡಿರಬೇಕಾದ ವಿಷಯ ಇದು. ಮಿಸೊ ಅಂದರೆ ಹುದುಗಿಸಿದ ಸೋಯಾ ಮುದ್ದೆ, ಅದು ಸಸ್ಯಾಹಾರವೇ. ಆದರೆ ಸೂಪಿಗೆ ಬಳಸೋ ನೀರು ಬರೀ ನೀರಲ್ಲ, ದಾಶಿ. ಜಪಾನಿನ ಸಾರು, ಪಲ್ಯ, ಟೆಂಪುರಾ ಅದ್ದಿ ತಿನ್ನೋ ರಸ, ಎಲ್ಲದರ ಅಡಿಪಾಯ ಅದು. ಸಾಮಾನ್ಯವಾಗಿ ದಾಶಿ ಮಾಡೋದು ಎರಡರಿಂದ: ಕೊಂಬು ಅನ್ನೋ ಒಣಗಿದ ಕಡಲಕಳೆ, ಮತ್ತೆ ಕತ್ಸುಒಬುಶಿ. ಎರಡನೆಯದು ಒಂದು ಜಾತಿಯ ಟ್ಯೂನಾ ಮೀನನ್ನ ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗೋವರೆಗೆ ಒಣಗಿಸಿ, ಬಡಗಿ ಹತ್ತರಿ ಹೊಡೆದ ಹಾಗೆ ಹೆರೆದದ್ದು. ಲಕ್ಷದ್ವೀಪದ ಮಾಸ್‌ಮೀನ್ ನೋಡಿದವರಿಗೆ ಅಂದಾಜಾಗುತ್ತೆ. ಮೀನು ಕಣ್ಣಿಗೆ ಕಾಣಲ್ಲ, ಸೋಸಿ ತೆಗೆದಿರ್ತಾರೆ. ಹಾಗಾಗಿ "ಟೋಫು, ಈರುಳ್ಳಿಸೊಪ್ಪು ಮಾತ್ರ" ಅನ್ನೋ ಉತ್ತರ ಒಂದರ್ಥದಲ್ಲಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಇದಕ್ಕೆ ಪರಿಹಾರ ಇಲ್ಲವಾ ಅಂದರೆ, ಜಪಾನಿನವರ ಹತ್ತಿರವೇ ನೂರಾರು ವರ್ಷಗಳಿಂದ ಇದೆ. ಬೌದ್ಧ ದೇವಾಲಯಗಳ ಊಟಕ್ಕೆ ಶೋಜಿನ್ ರ‍್ಯೋರಿ ಅಂತಾರೆ. ಅಲ್ಲಿ ದಾಶಿಯನ್ನ ಕೊಂಬು ಮತ್ತೆ ಒಣ ಶಿಟಾಕೆ ಅಣಬೆಯಿಂದ ಮಾಡ್ತಾರೆ. 1908ರಲ್ಲಿ ಟೋಕಿಯೋದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ, ಉಪ್ಪು ಹುಳಿ ಸಿಹಿ ಕಹಿ ಯಾವುದೂ ಅಲ್ಲದ ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟಿದ್ದು ಕೊಂಬುವಿನ ರಸದಿಂದಲೇ, ಮೀನಿನಿಂದ ಅಲ್ಲ. ಅಂದರೆ ಮೀನಿಲ್ಲದೆ ಒಳ್ಳೆ ದಾಶಿ ಮಾಡೋದು ಸಾಧ್ಯ ಅನ್ನೋದಷ್ಟೇ ಅಲ್ಲ, ಅದು ಹಳೇ ವಿದ್ಯೆ. ಎರಡು ಪಾತ್ರೆ ಇಟ್ಟುಕೊಂಡರೆ ಮುಗೀತು. ಅರ್ಧದಷ್ಟು ಗಿರಾಕಿ "ವೆಜ್ಜಾ?" ಅಂತ ಕೇಳೋ ಈ ಊರಲ್ಲಿ, ಆ ಬೆಲೆಗೆ, ಎರಡನೇ ಪಾತ್ರೆ ಇಡದೆ ಹಸಿರು ಚುಕ್ಕೆ ಮಾತ್ರ ಇಟ್ಟಿದ್ದರಲ್ಲ, ಅದು ನನಗೆ ಈಗಲೂ ಜೀರ್ಣ ಆಗಿಲ್ಲ. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆಯನ್ನ ನಾವು ಕಣ್ಣುಮುಚ್ಚಿ ನಂಬ್ತೀವಿ.

ನಾನು ಎದ್ದುಹೋಗಿ ಆ ಮಣಿಪುರದ ಹುಡುಗನನ್ನ ಪಕ್ಕಕ್ಕೆ ಕರೆದು, ಸೂಪಿನ ಸ್ಟಾಕ್ ಯಾವುದರದ್ದು ಅಂತ ಕೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, "ಒಳಗೆ ಕೇಳ್ಕೊಂಡು ಬರ್ತೀನಿ ಅಕ್ಕ" ಅಂದ. ಬಂದವನು ಸುತ್ತಿಬಳಸಿ ಮಾತಾಡಲಿಲ್ಲ. "ಫಿಶ್ ಇದೆ ಅಕ್ಕ. ಎಲ್ಲಾದಕ್ಕೂ ಒಂದೇ ಸ್ಟಾಕು." ಅವನ ಹಿಂದೆಯೇ ಬಂದ ಮೇಲ್ವಿಚಾರಕರು ಮಾತ್ರ, "ವೆರಿ ಸ್ಲೈಟ್ ಮೇಡಂ, ಜಸ್ಟ್ ಫ್ಲೇವರ್, ಎಲ್ರೂ ತಗೋತಾರೆ" ಅಂತ ಶುರು ಮಾಡಿದರು.

ಹೇಳೋದಾ ಬಿಡೋದಾ ಅಂತ ಯೋಚನೆ ಮಾಡೋಕೆ ಟೈಮೂ ಇರಲಿಲ್ಲ. ಅವನು ಟೆಂಪುರಾ ರಸಕ್ಕೆ ಅದ್ದುತ್ತಿದ್ದ, ಅದೂ ದಾಶಿಯದ್ದೇ. ಪಕ್ಕ ಹೋಗಿ ಮೆಲ್ಲಗೆ ಹೇಳಿದೆ. ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. ಕೂಗಾಡಲಿಲ್ಲ, ಮುಖ ಕೂಡ ಕೆಡಿಸಿಕೊಳ್ಳಲಿಲ್ಲ. ನೀರು ಕುಡಿದ. ಎದ್ದು ಹೋಗಿ ಸುಮಾರು ಹೊತ್ತು ಬರಲೇ ಇಲ್ಲ. ಬಂದು ಕೂತು, "ನಾನು ಕೇಳಿಯೇ ತಗೊಂಡಿದ್ದು ಅಲ್ವಾ ಅಕ್ಕ" ಅಂದ. ಎರಡು ಸಲ ಅಂದ. ಆಮೇಲೆ ಕಿಟಕಿಯ ಹೊರಗೆ ನೋಡ್ತಾ ಕೂತ. ಟೇಬಲಿನ ಆ ಕಡೆ ಯಾರೋ "ಅಯ್ಯೋ ಬಿಡೋ, ಫಿಶ್ ತಾನೆ, ಬೆಂಗಾಲಲ್ಲಿ ಬ್ರಾಹ್ಮಣರೂ ತಿಂತಾರೆ" ಅಂತ ನಕ್ಕರು. ನಾನು ಮೀನು ತಿನ್ನೋಳೇ, ದಿನಾ ಕೊಟ್ಟರೂ ತಿನ್ನೋಳು. ಆದರೂ ಆ ಮಾತು ಕೇಳಿ ಕೈ ತೊಳೆದು ಎದ್ದುಬಿಡೋಣ ಅನ್ನಿಸ್ತು. ಅವನಿಗೆ ಅದು ರುಚಿಯ ಪ್ರಶ್ನೆಯಲ್ಲ, ಆರೋಗ್ಯದ್ದೂ ಅಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಎದುರು ಪೂಜೆಗೆ ಕೂರಬೇಕಲ್ಲ, ಅದರದ್ದು.

ರೆಸ್ಟೋರೆಂಟಿನವರು ಮಾಡಿದ್ದೇನು? ಬಿಲ್ಲಿನಿಂದ ಅವನ ಸೂಪಿನ 550 ರೂಪಾಯಿ ತೆಗೆದರು. ಜೊತೆಗೆ ಒಂದು ಮಾಚಾ ಐಸ್‌ಕ್ರೀಮು, ಪುಕ್ಕಟೆ. ಅವನು ಮುಟ್ಟಲಿಲ್ಲ.

ಬಿಲ್ಲು ಬಂತು. ಊಟದ್ದು 29,400. ಅದಕ್ಕೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜು 2,940, ಅದೆಲ್ಲದರ ಮೇಲೆ ಜಿಎಸ್‌ಟಿ. 33,957. ಲೀಡ್ ಫೋನ್ ತೆಗೆದು ಏಳರಿಂದ ಭಾಗಿಸಿ, "ತಲಾ 4,851, ಗ್ರೂಪಲ್ಲಿ ಕ್ಯೂಆರ್ ಹಾಕ್ತೀನಿ" ಅಂದರು. ಆ ಹುಡುಗ ಏನೂ ಹೇಳದೆ ಫೋನ್ ತೆಗೆದ. ಅವನ ಪಿಜಿ ಬಾಡಿಗೆ 9,000.

ನೀವೂ ಇಂಥ ಟೇಬಲುಗಳಲ್ಲಿ ಕೂತಿರ್ತೀರಿ. ಸಮಪಾಲು ಅನ್ನೋ ಮಾತು ಕೇಳೋಕೆ ಎಷ್ಟು ನ್ಯಾಯವಾಗಿರುತ್ತೆ ಅಂದರೆ, ಅದಕ್ಕೆ ಎದುರು ಮಾತಾಡೋನು ಜಿಪುಣ ಅನಿಸಿಕೊಳ್ತಾನೆ. ಮೂರು ಗ್ಲಾಸ್ ಸಾಕೆ ಕುಡಿದವರಿಗೂ ಸೌತೆಕಾಯಿ ತಿಂದವರಿಗೂ ಒಂದೇ ರೇಟು. ಕಮ್ಮಿ ಸಂಬಳದವನು ಮಾತಾಡೋಕಾಗಲ್ಲ, ಜಾಸ್ತಿ ಸಂಬಳದವನಿಗೆ ಮಾತಾಡೋ ಅಗತ್ಯ ಇರಲ್ಲ. ಹಾಗಾಗಿ ನಡುವಿನಲ್ಲಿರೋರೇ ಬಾಯಿಬಿಡಬೇಕು. ನಾನು, "ಅವರವರು ತಿಂದಿದ್ದು ಅವರವರು ಕೊಡೋಣ, ಬಿಲ್ಲಲ್ಲಿ ಎಲ್ಲಾ ಇದೆಯಲ್ಲ" ಅಂದೆ. ಟೇಬಲ್ ಮೇಲೆ ಒಂದು ಥರದ ಮೌನ. ಆ ಮೌನದಲ್ಲೇ ಬಿಲ್ಲು ಎಳ್ಕೊಂಡು ಸರ್ವಿಸ್ ಚಾರ್ಜಿಗೆ ಗೆರೆ ಹೊಡೆದೆ.

ಇದು ನಿಮಗೆ ಗೊತ್ತಿರಲಿ. ಸರ್ವಿಸ್ ಚಾರ್ಜ್ ಸರ್ಕಾರಕ್ಕೆ ಹೋಗೋ ತೆರಿಗೆ ಅಲ್ಲ. ಅದನ್ನ ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಬಲವಂತ ಮಾಡಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ರೆಸ್ಟೋರೆಂಟ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಆ ಮಾರ್ಗಸೂಚಿಯನ್ನ ಎತ್ತಿಹಿಡಿಯಿತು. ಆದರೂ ಬಿಲ್ಲಲ್ಲಿ ಅದು ಬರ್ತಾನೇ ಇರುತ್ತೆ, ಯಾಕಂದ್ರೆ ಜೊತೆಗೆ ಬಂದವರ ಎದುರು ಯಾರೂ ಕೇಳಲ್ಲ. ಕೇಳಿದರೆ ತೆಗೀತಾರೆ. ಅವತ್ತೂ ಒಂದು ನಿಮಿಷದಲ್ಲಿ ಹೊಸ ಬಿಲ್ಲು ಬಂತು, 30,870. ಆ ಹುಡುಗನ ಪಾಲು ತೆರಿಗೆ ಸೇರಿ 2,205. ಮೀನಿನ ರಸಕ್ಕೆ ಅದ್ದಿ ಬಿಟ್ಟ ಟೆಂಪುರಾದ 950 ಕೂಡ ಅದರಲ್ಲೇ ಇತ್ತು. ಅದನ್ನೂ ತೆಗೆಸೋಣ ಅಂದೆ, "ಬೇಡ ಅಕ್ಕ, ಸಾಕು" ಅಂತ ಅವನೇ ತಡೆದ. ಬಡಿಸಿದ ಹುಡುಗನನ್ನ, ಸರ್ವಿಸ್ ಚಾರ್ಜಿನಲ್ಲಿ ನಿಮಗೆಷ್ಟು ಸಿಗುತ್ತೆ ಅಂತ ಕೇಳಿದೆ. ನಕ್ಕು ಸುಮ್ಮನಾದ. ಅವನ ಕೈಗೇ 500 ಕೊಟ್ಟೆ. ಅವತ್ತು ಆ ಮಹಡಿಯಲ್ಲಿ ನೇರವಾಗಿ ನಿಜ ಹೇಳಿದವನು ಅವನೊಬ್ಬನೇ.

ಮರುದಿನ ಲೀಡ್ ನನ್ನ ಹತ್ತಿರ, "ನೀವು ಊಟಕ್ಕಲ್ಲ ಆ ದುಡ್ಡು ಅಂತ ಅರ್ಥ ಮಾಡ್ಕೋಬೇಕು, ಆಂಬಿಯನ್ಸ್‌ಗೆ" ಅಂದರು. ಅದೂ ಒಂದು ವಾದ, ತಳ್ಳಿಹಾಕಲ್ಲ. ಅಷ್ಟು ಎತ್ತರದ ಬಾಡಿಗೆ, ವಿಮಾನದ ಮೀನು, ಆ ಗಾಜು ಒರೆಸೋರ ಸಂಬಳ, ಎಲ್ಲ ಲೆಕ್ಕವೇ. ಆದರೆ ಹಾಗಿದ್ದರೆ ಬಾಗಿಲಲ್ಲಿ ಟಿಕೆಟ್ ಇಡಲಿ. ಮಳೆ ನೋಡೋಕೆ ತಲಾ ಸಾವಿರ ಅಂತ ಬರೆದರೆ ನಾನೇ ವರ್ಷಕ್ಕೆರಡು ಸಲ ಹೋಗ್ತೀನಿ. ತಂಗಳನ್ನದ ಉಂಡೆ ಮಾಡಿ ಅದನ್ನ ಮಾರಬೇಕಾಗಿಲ್ಲ.

ಅಲ್ಲಿ ಊಟ ಯಾಕೆ ಕೆಡುತ್ತೆ ಅನ್ನೋದಕ್ಕೆ ನನಗೆ ತೋಚಿದ ಕಾರಣ ಬೇರೆ. ಸುತ್ತಲೂ ನೋಡಿದೆ, ಎಲ್ಲಾ ಟೇಬಲಲ್ಲೂ ಹುಟ್ಟಿದಹಬ್ಬ, ನಿಶ್ಚಿತಾರ್ಥ, ಪ್ರಮೋಷನ್ನು. ಎಲ್ಲರೂ ಒಂದೇ ಸಲ ಬರೋರು. ಅವರು ಮತ್ತೆ ಬರಲ್ಲ, ಬರಬೇಕಾಗೂ ಇಲ್ಲ, ಅವರ ಫೋಟೋ ನೋಡಿದ ಬೇರೆಯವರು ಬರ್ತಾರೆ. ನಮ್ಮ ಬೀದಿಯ ದರ್ಶಿನಿಗೆ ಆ ಸುಖ ಇಲ್ಲ. ದಿನಾ ಬೆಳಗ್ಗೆ ಏಳೂವರೆಗೆ ಅದೇ ಅಂಕಲ್ ಬಂದು ಅದೇ ಖಾಲಿದೋಸೆ ತಗೋತಾರೆ. ಚಟ್ನಿ ಒಂಚೂರು ಹುಳಿ ಬಂದರೆ ಕೌಂಟರಿನ ಮೇಲೆ ತಟ್ಟೆ ಕುಕ್ಕಿ, "ಏನ್ರೀ ಇದು?" ಅಂತಾರೆ. ಮರುದಿನ ಚಟ್ನಿ ಸರಿಯಾಗಿರುತ್ತೆ. ಎತ್ತರದ ಮಹಡಿಯ ಅಡುಗೆಮನೆಗೆ ಹೀಗೆ ಬೈಯೋರು ಸಿಗಲ್ಲ. ಹುಟ್ಟಿದಹಬ್ಬದ ದಿನ ಯಾರು ತಟ್ಟೆ ಕುಕ್ತಾರೆ?

ಬೆಂಗಳೂರಲ್ಲಿ ಒಳ್ಳೆ ಜಪಾನೀ ಊಟವೇ ಸಿಗಲ್ಲ ಅಂತ ಮಾತ್ರ ತಿಳ್ಕೋಬೇಡಿ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ 1990ರ ದಶಕದ ಕೊನೆಗೆ ಶುರುವಾದ ಮೇಲೆ, ಅದರ ಹಿಂದೆ ಬೇರೆ ಕಂಪನಿಗಳೂ ಬಂದ ಮೇಲೆ, ಇಲ್ಲಿ ಬಂದು ನೆಲೆಸಿ ಕೆಲಸ ಮಾಡೋ ಜಪಾನೀಯರು ಸಾಕಷ್ಟು ಜನ ಇದ್ದಾರೆ. ಅವರು ದಿನಾ ಮಧ್ಯಾಹ್ನ ಊಟ ಮಾಡಬೇಕಲ್ಲ? ಅಂಥವರು ಹೋಗೋ ಒಂದು ಸಣ್ಣ ಜಾಗ ಸಹೋದ್ಯೋಗಿಯೊಬ್ಬರಿಂದ ಗೊತ್ತಾಯ್ತು. ನೆಲಮಹಡಿ. ಕಿಟಕಿಯಿಂದ ಕಾಣೋದು ಎದುರಿನ ಪಂಕ್ಚರ್ ಅಂಗಡಿ, ಅದರ ಮುಂದೆ ಮಲಗಿದ ನಾಯಿ. ಮಧ್ಯಾಹ್ನದ ಊಟ 650 ರೂಪಾಯಿ: ಬಿಸಿ ಅನ್ನ, ಸೂಪು, ಉಪ್ಪಿನಕಾಯಿ ಥರದ ಮೂಲಂಗಿ, ಉಪ್ಪು ಸವರಿ ಕೆಂಡದಲ್ಲಿ ಸುಟ್ಟ ಒಂದು ಮೀನು. ನಾನು ಹೋದ ದಿನ ಆ ಮೀನು ಏನು ಗೊತ್ತಾ? ಬಂಗುಡೆ! ವಿಮಾನದ್ದಲ್ಲ, ನಮ್ಮ ಕರಾವಳಿಯದ್ದೇ. ಜಪಾನಿನಲ್ಲಿ ಸಾಬಾ ಅಂತ ತಿನ್ನೋದೂ ಇದೇ ಬಳಗದ ಮೀನು. ಚರ್ಮ ಗರಿಗರಿ, ಒಳಗೆ ರಸ, ಪಕ್ಕದಲ್ಲಿ ತುರಿದ ಮೂಲಂಗಿ. ಮುಳ್ಳು ಬಿಡಿಸ್ತಾ ಕೂತಾಗ ಮಸಾಲೆ ಇಲ್ಲದೆಯೂ ಬಂಗುಡೆ ಇಷ್ಟು ರುಚಿಯಾ ಅನ್ನಿಸ್ತು. ಅಮ್ಮನಿಗೆ ಇದನ್ನ ಇನ್ನೂ ಹೇಳಿಲ್ಲ.

ಅವರ ಮೆನುವಿನ ಕೆಳಗೆ ಒಂದು ಸಾಲು ಬರೆದಿದ್ದರು: ನಮ್ಮ ಸಾರುಗಳಲ್ಲಿ ಮೀನು ಇರುತ್ತದೆ, ಸಸ್ಯಾಹಾರಿಗಳು ಒಂದು ದಿನ ಮೊದಲು ತಿಳಿಸಿದರೆ ಬೇರೆ ಮಾಡಿಕೊಡುತ್ತೇವೆ.

ತಿಳಿಸಿದೆ. ಮುಂದಿನ ಶನಿವಾರ ಆ ಹುಡುಗನನ್ನ ಕರ್ಕೊಂಡು ಹೋದೆ. ಸುಲಭಕ್ಕೆ ಒಪ್ಪಲಿಲ್ಲ, "ಬೇಡ ಅಕ್ಕ, ಇಡ್ಲಿ ತಿನ್ನೋಣ" ಅಂತಲೇ ಬಂದ. ಅಡುಗೆಯವರು ಒಳಗಿಂದ ಎರಡು ಡಬ್ಬಿ ತಂದು ಟೇಬಲ್ ಮೇಲೆ ಇಟ್ಟು ಮುಚ್ಚಳ ತೆಗೆದು ತೋರಿಸಿದರು. ಒಂದರಲ್ಲಿ ಕಪ್ಪು ಚರ್ಮದ ಹಾಗಿದ್ದ ಕಡಲಕಳೆ, ಇನ್ನೊಂದರಲ್ಲಿ ಒಣ ಅಣಬೆ. ಅವನು ಎರಡನ್ನೂ ಮೂಸಿ ನೋಡಿದ. ಸೂಪು ಬಂದ ಮೇಲೂ ಮೂಸಿದ. ನನ್ನ ಕಡೆ ಬಟ್ಟಲು ತಳ್ಳಿ "ನೀವೊಂದ್ಸಲ ನೋಡಿ" ಅಂದ. ನೋಡಿದೆ. ಮೀನಿಲ್ಲ ಅಂದೆ.

ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. "ಅಕ್ಕ, ಇದು ನಮ್ಮ ಬಸ್ಸಾರಿನ ಕಟ್ಟು ಇದ್ದಂಗಿದೆ. ಸೊಪ್ಪು, ಕಾಳು ಬೇಯಿಸಿ ಬಸಿದಾಗ ಮೇಲೆ ತಿಳಿ ಬರುತ್ತಲ್ಲ, ಅದಕ್ಕೆ ಬೆಳ್ಳುಳ್ಳಿ ಹಾಕೋ ಮುಂಚೆ ಅಮ್ಮ ಒಂದು ಲೋಟ ಕೊಡ್ತಾರೆ" ಅಂದ. ಆಮೇಲೆ ಅಡುಗೆಯವರನ್ನ ಕರೆದು, ಆ ಕಪ್ಪು ಎಲೆ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ, ನೀರು ಕುದಿ ಬಂದ ಮೇಲೆ ಹಾಕೋದಾ ಮುಂಚೇನಾ ಅಂತ ಒಂದೊಂದೇ ಕೇಳ್ತಾ ಹೋದ. ತಣ್ಣೀರಿಗೇ ಹಾಕಿ, ಕುದಿಯೋ ಮುಂಚೆ ತೆಗೀಬೇಕಂತೆ. ಅದನ್ನ ಫೋನಲ್ಲಿ ಬರ್ಕೊಂಡ, ಇನ್ನೊಂದು ಬಟ್ಟಲು ಸೂಪು ಹೇಳಿದ.